ಕೈಗಾದಲ್ಲಿ ಏನಾದರೂ ಆದರೆ ಸುತ್ತಲಿನ ಊರಿಗೆ ಮೊದಲು ಹೇಳುವವರು ಯಾರು?

ಕದ್ರಾ ಕಡೆಯವ:
ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 5 ಮತ್ತು 6ನೇ ಘಟಕದ ಕೆಲಸ ಶುರುವಾಗಿದೆ. ಒಂದೊಂದೂ 700 ಮೆಗಾವ್ಯಾಟ್. ಈಗಿರುವ ನಾಲ್ಕೂ ಸೇರಿದರೆ 880. ಅವು ಮುಗಿದ ಮೇಲೆ ನಮ್ಮ ಪಕ್ಕದ ಸ್ಥಾವರ ಈಗಿನದರ ಎರಡೂವರೆ ಪಟ್ಟಿಗಿಂತ ದೊಡ್ಡದು. ಸ್ಥಾವರ ಬೇಕೋ ಬೇಡವೋ ಎಂಬ ಜಗಳ ನಾನು ಇಲ್ಲಿ ತೆಗೆಯುತ್ತಿಲ್ಲ. ಶಿವರಾಮ ಕಾರಂತರು 1989ರಲ್ಲಿ ಇದೇ ವಿಷಯ ಹಿಡಿದು ಲೋಕಸಭೆ ಚುನಾವಣೆಗೆ ನಿಂತ ಕಾಲದಿಂದ ಅದು ನಡೆದಿದೆ, ಮುಂದೆಯೂ ನಡೆಯಲಿ. ನನ್ನ ಪ್ರಶ್ನೆ ಬೇರೆ. ಮೊದಲ ಎರಡು ಘಟಕ 2000ದಿಂದ ವಿದ್ಯುತ್ ಕೊಡುತ್ತಿವೆ, ಮೂರನೆಯದು 2007ರಿಂದ, ನಾಲ್ಕನೆಯದು 2011ರಿಂದ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೇವೆ. ಆದರೂ ನಮ್ಮ ಕೇರಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ: ಅಲ್ಲಿ ಏನಾದರೂ ಆದರೆ ಸುದ್ದಿ ಯಾರು ಹೇಳುತ್ತಾರೆ? ಮನೆಯೊಳಗೆ ಇರಬೇಕೋ, ಓಡಬೇಕೋ? ಓಡುವುದಾದರೆ ಯಾವ ಕಡೆಗೆ? ದನ ಏನು ಮಾಡುವುದು? ಬಾವಿ ನೀರು ಕುಡಿಯಬಹುದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಚ್ಚಿನವರು "ಟಿವಿ ನೋಡಿದರೆ ಗೊತ್ತಾಗುತ್ತದೆ" ಎನ್ನುತ್ತಾರೆ.

ಮೊನ್ನೆ ಇದನ್ನೇ ಕೇಳಲು ಒಂದು ಕಚೇರಿಗೆ ಹೋಗಿದ್ದೆ. "ಎಲ್ಲಾ ಪ್ಲಾನ್ ಇದೆ, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂದರು. ಪ್ಲಾನ್ ಇರಬಹುದು. ನನ್ನನ್ನು ಉಳಿಸುವುದಕ್ಕೆ ಮಾಡಿದ ಪ್ಲಾನ್ ನನಗೇ ಗೊತ್ತಿಲ್ಲದಿದ್ದರೆ ಅದು ನಡೆಯುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಇಲ್ಲಿ ಬರೆಯಿರಿ. ಸಿಟ್ಟು ಇದ್ದವರೂ ಬರೆಯಿರಿ, ಆದರೆ ಗೊತ್ತಿರುವುದನ್ನೇ ಬರೆಯಿರಿ.

ಹಳೆ ಶಿಫ್ಟ್:
ನಾನು ಒಳಗೆ ಕೆಲಸ ಮಾಡಿ ನಿವೃತ್ತಿ ಆದವನು. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಅಳತೆಯ ವಿಷಯ. ಸ್ಥಾವರದ ಸುತ್ತ ಏನೂ ಅಳೆಯುತ್ತಿಲ್ಲ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಪರಿಸರ ಸಮೀಕ್ಷಾ ಪ್ರಯೋಗಾಲಯ ಅಂತ ಒಂದಿದೆ. ಅದನ್ನು ನಡೆಸುವುದು ವಿದ್ಯುತ್ ಮಾಡುವ ಎನ್‌ಪಿಸಿಐಎಲ್ ಕಂಪನಿ ಅಲ್ಲ, ಭಾಭಾ ಅಣು ಸಂಶೋಧನಾ ಕೇಂದ್ರ. ರಿಯಾಕ್ಟರ್ ಶುರುವಾಗುವ ಮೊದಲೇ ಅದು ಕೆಲಸ ಶುರು ಮಾಡಿತ್ತು, ಯಾಕೆಂದರೆ ಮೊದಲು ಇಲ್ಲಿ ಎಷ್ಟು ವಿಕಿರಣ ಇತ್ತು ಎಂದು ತಿಳಿಯದೆ ಆಮೇಲೆ ಹೆಚ್ಚಾಯಿತೋ ಇಲ್ಲವೋ ಹೇಳುವುದಕ್ಕೆ ಆಗುವುದಿಲ್ಲ. ನೀರು, ಹಾಲು, ಮೀನು, ಅಕ್ಕಿ, ತರಕಾರಿ, ಮಣ್ಣು, ಗಾಳಿ ಎಲ್ಲದರ ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ. ಅಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಸ್ಥಾವರದಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ಬರುವ ವಿಕಿರಣ ಅಳೆಯುವ ಮಾನ) ಮಿತಿ ಇಟ್ಟಿದೆ. ನೆಲ, ಆಕಾಶ, ತಿನ್ನುವ ಅನ್ನದಿಂದ ಪ್ರಪಂಚದಲ್ಲಿ ಸರಾಸರಿ ಒಬ್ಬರಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ಕೈಗಾದ ಸುತ್ತ ಸ್ಥಾವರದಿಂದ ಬರುವುದು ಆ 1ರಲ್ಲಿ ತೀರಾ ಸಣ್ಣ ಪಾಲು. ಇದನ್ನು ನಾನು ನಂಬಿಕೆಯಿಂದ ಹೇಳುತ್ತೇನೆ.

ಇನ್ನು ತುರ್ತಿನ ವಿಷಯ. ನಾಲ್ಕು ಹಂತ ಇದೆ. ಮೊದಲು ಎಚ್ಚರಿಕೆ, ಆಮೇಲೆ ಸ್ಥಾವರದ ಒಳಗಿನ ತುರ್ತು, ಆಮೇಲೆ ಇಡೀ ಆವರಣದ ತುರ್ತು, ಕೊನೆಗೆ ಬೇಲಿಯ ಹೊರಗಿನ ತುರ್ತು. ಕೊನೆಯದು ಬಂದರೆ ಊರಿನ ಕಡೆಯ ಜವಾಬ್ದಾರಿ ಜಿಲ್ಲಾಧಿಕಾರಿಯದು, ಸ್ಥಾವರದ ನಿರ್ದೇಶಕರದಲ್ಲ. ಯೋಜನೆಯನ್ನು ಸ್ಥಾವರದಿಂದ 16 ಕಿಲೋಮೀಟರ್ ದೂರದ ತನಕ ಮಾಡಿರುತ್ತಾರೆ. ಅಣಕು ಕಾರ್ಯಾಚರಣೆಯೂ ಆಗುತ್ತದೆ.

ಕದ್ರಾ ಕಡೆಯವ:
ಸರ್, ಥ್ಯಾಂಕ್ಸ್. ಆದರೆ ನೀವು ಹೇಳಿದ್ದರಲ್ಲೇ ನನ್ನ ಪ್ರಶ್ನೆ ಇದೆ. ಹಾಲು, ಮೀನು ಎಲ್ಲಾ ಅಳೆಯುತ್ತಾರೆ ಎಂದಿರಿ. ಆ ಹಾಲು ಕೊಟ್ಟ ಮನೆಗೆ "ನಿಮ್ಮ ಹಾಲಿನಲ್ಲಿ ಇಷ್ಟು ಬಂತು, ಮಿತಿ ಇಷ್ಟು" ಎಂದು ಒಂದು ಚೀಟಿ ಬಂದಿದೆಯಾ? ನಮ್ಮ ಕಡೆ ಯಾರ ಬಾಯಲ್ಲೂ ಕೇಳಿಲ್ಲ. ಅಂಕಿ ಮುಂಬೈಗೆ ಹೋಗುತ್ತದೆ, ಇಂಗ್ಲಿಷ್‌ನಲ್ಲಿ ದಪ್ಪ ವರದಿ ಆಗುತ್ತದೆ. ಮಲ್ಲಾಪುರ ಪಂಚಾಯಿತಿಯ ಗೋಡೆಗೆ ಬರುವುದಿಲ್ಲ.

ಗುತ್ತಿಗೆ ಮನೆಯವಳು:
ನಮ್ಮವರು ಆಗ ಒಳಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರು. 2009ರ ನವೆಂಬರ್. ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಎಂಬ ವಿಕಿರಣ ವಸ್ತು ಇದ್ದ ಭಾರಜಲ, ಅಂದರೆ ರಿಯಾಕ್ಟರ್‌ನಲ್ಲಿ ಬಳಸುವ ವಿಶೇಷ ನೀರು, ಬೆರೆಸಿದ್ದರು. ಐವತ್ತಕ್ಕಿಂತ ಹೆಚ್ಚು ಜನರ ಮೂತ್ರದಲ್ಲಿ ಅದು ಕಂಡಿತು. ಯಂತ್ರ ಕೆಟ್ಟು ಆದದ್ದಲ್ಲ, ಒಳಗಿನವರೇ ಬೇಕಂತ ಮಾಡಿದ್ದು ಎಂದು ಆಮೇಲೆ ಸರಕಾರದವರೇ ಹೇಳಿದರು.

ಅದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಸಂಕಟ ಕೊಡುವುದು ನಮಗೆ ಅದು ಗೊತ್ತಾದ ರೀತಿ. 24ನೇ ತಾರೀಕಿಗೆ ಒಳಗೆ ಪತ್ತೆ ಆಗಿತ್ತು. ನಾವು ಟಿವಿಯಲ್ಲಿ ನೋಡಿದ್ದು ಕೆಲವು ದಿನ ಬಿಟ್ಟು. ಟಿವಿಯಲ್ಲಿ "ವಿಕಿರಣ ಸೋರಿಕೆ" ಅಂತ ದಪ್ಪ ಅಕ್ಷರ. ಅತ್ತೆ ಅಳುವುದಕ್ಕೆ ಶುರು ಮಾಡಿದರು. ಮಕ್ಕಳನ್ನು ಅಪ್ಪನ ಹತ್ತಿರ ಬಿಡಬೇಕಾ ಬೇಡವಾ, ಅವರ ಬಟ್ಟೆ ಬೇರೆ ಒಗೆಯಬೇಕಾ, ತಟ್ಟೆ ಬೇರೆ ಇಡಬೇಕಾ, ಏನೂ ಗೊತ್ತಿಲ್ಲ. ಯಾರನ್ನು ಕೇಳುವುದು? ಊರಿನವರು ನಮ್ಮ ಮನೆಗೆ ಬರುವುದಕ್ಕೆ ಹೆದರಿದರು. ಒಬ್ಬ ಡಾಕ್ಟರು ಬಂದು ಹತ್ತು ನಿಮಿಷ ಜಗಲಿಯಲ್ಲಿ ಕೂತು ಹೇಳಿದ್ದರೆ ಸಾಕಿತ್ತು.

ಹಳೆ ಶಿಫ್ಟ್:
ತಂಗೀ, ಆ ಹತ್ತು ನಿಮಿಷದ ಮಾತನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತೇನೆ. ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಟ್ರಿಟಿಯಂ ಅಂದರೆ ಜಲಜನಕದ ಒಂದು ರೂಪ. ನಮ್ಮ ರಿಯಾಕ್ಟರ್‌ಗಳು ಭಾರಜಲ ಬಳಸುವುದರಿಂದ ಅದರಲ್ಲಿ ಇದು ಹುಟ್ಟುತ್ತಲೇ ಇರುತ್ತದೆ. ಅದರ ಕಿರಣ ತುಂಬಾ ದುರ್ಬಲ, ಚರ್ಮದ ಆಚೆಯಿಂದ ಒಳಗೆ ಬರುವುದಿಲ್ಲ. ಹಾಗಾಗಿ ಅದು ಇದ್ದ ಮನುಷ್ಯನ ಪಕ್ಕ ಕೂತರೆ ಏನೂ ಆಗುವುದಿಲ್ಲ. ಕುಡಿದರೆ, ಉಸಿರಿನಲ್ಲಿ ಎಳೆದುಕೊಂಡರೆ, ಇಲ್ಲವೇ ಆ ನೀರು ನೇರ ಮೈಗೆ ತಾಗಿ ಚರ್ಮದ ಮೂಲಕ ಒಳಗೆ ಹೋದರೆ ಮಾತ್ರ ಲೆಕ್ಕ. ಟ್ರಿಟಿಯಂ ತಾನಾಗಿ ಅರ್ಧ ಆಗುವುದಕ್ಕೆ 12.3 ವರ್ಷ ಬೇಕು. ಆದರೆ ಮೈಯಲ್ಲಿ ಅದು ನೀರಿನ ಜೊತೆಗೇ ಇರುತ್ತದೆ, ನೀರಿನ ಜೊತೆಗೇ ಹೊರಗೆ ಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧ ಆಗುತ್ತದೆ. ಅದಕ್ಕೇ ಜಾಸ್ತಿ ನೀರು ಕುಡಿಸುವುದು, ಮೂತ್ರ ಹೆಚ್ಚು ಬರುವ ಔಷಧ ಕೊಡುವುದು. ಒಳಗಿನ ಕೆಲಸಗಾರರಿಗೆ ಮಿತಿ ವರ್ಷಕ್ಕೆ 30 ಮಿಲಿಸೀವರ್ಟ್ ದಾಟಬಾರದು, 5 ವರ್ಷದ ಸರಾಸರಿ 20 ದಾಟಬಾರದು. ಮೂತ್ರ ಪರೀಕ್ಷೆ ನಿಯಮದ ಪ್ರಕಾರ ನಡೆಯುತ್ತಿದ್ದ ಕಾರಣಕ್ಕೇ ಆವತ್ತು ಅದು ಸಿಕ್ಕಿಬಿತ್ತು. ಅಂದರೆ ಅಳತೆಯ ವ್ಯವಸ್ಥೆ ಕೆಲಸ ಮಾಡಿತು. ಹೇಳುವ ವ್ಯವಸ್ಥೆ ಮಾಡಲಿಲ್ಲ. ಎರಡನೆಯದಕ್ಕೆ ನನಗೂ ಬೇಸರ ಇದೆ.

ಕಾಳಿ ದಂಡೆ:
ಇದರ ಪೆಟ್ಟು ನಮಗೂ ಬಿತ್ತು. ನಾವು ಸ್ಥಾವರದ ಒಳಗೆ ಕಾಲೇ ಇಟ್ಟವರಲ್ಲ. ಆದರೂ ಕಾಳಿಯಲ್ಲಿ ಹಿಡಿದ ಮೀನು ಅಂದರೆ "ಕೈಗಾ ನೀರಿನದ್ದಾ?" ಎಂದು ಕೇಳುವವರು ಇದ್ದಾರೆ. ನಾವೇನು ಹೇಳುವುದು? "ಇಲ್ಲ ಅಮ್ಮಾ, ಚೆನ್ನಾಗಿದೆ" ಎಂದರೆ ಮಾರುವವನ ಮಾತು ಯಾರು ನಂಬುತ್ತಾರೆ? ಪರೀಕ್ಷೆಯ ಅಂಕಿ ಇದೆ ಎಂದರಲ್ಲ ಸರ್, ಅದನ್ನು ತಿಂಗಳಿಗೊಮ್ಮೆ ಮೀನು ಮಾರ್ಕೆಟ್ಟಿನಲ್ಲಿ ಹಾಕಲಿ. ಒಳ್ಳೆಯ ಅಂಕಿ ಇದ್ದರೆ ನಮಗೇ ಲಾಭ. ಮುಚ್ಚಿಟ್ಟಿದ್ದಕ್ಕೆ ಜನ ಕೆಟ್ಟದ್ದೇ ಇರಬೇಕು ಎನ್ನುತ್ತಾರೆ.

ಬೆಂಗಳೂರಿನಿಂದ:
ಒಂದು ಮಾತು ಹೇಳಲೇ? ಬೆಕೆರಲ್ (ನೀರು, ಹಾಲಿನಲ್ಲಿರುವ ವಿಕಿರಣ ಅಳೆಯುವ ಮಾನ), ಮಿಲಿಸೀವರ್ಟ್ ಎಲ್ಲಾ ಹಳ್ಳಿಯ ಗೋಡೆಗೆ ಹಾಕಿದರೆ ಹೆದರಿಕೆ ಜಾಸ್ತಿ ಆಗುತ್ತದೆ. ಕಳೆದ ತಿಂಗಳು ನೀರಿನಲ್ಲಿ 8 ಬೆಕೆರಲ್ ಇತ್ತು, ಈ ತಿಂಗಳು 11 ಎಂದರೆ ಊರೇ ಎದ್ದು ನಿಲ್ಲುತ್ತದೆ. ತಜ್ಞರು ನೋಡಿಕೊಳ್ಳುತ್ತಾರೆ, ಸುಮ್ನೆ ಗಾಬರಿ ಯಾಕೆ?

ಕದ್ರಾ ಕಡೆಯವ:
ನೀವು ಹೇಳುವ ಭಯ ನಿಜ, ಅದನ್ನು ತಳ್ಳಿ ಹಾಕುವುದಿಲ್ಲ. ಆದರೆ ನಮ್ಮ ಜನ ಮಳೆಗಾಲದಲ್ಲಿ ದಿನಾ ಕದ್ರಾ ಡ್ಯಾಮಿನ ಮಟ್ಟ ನೋಡುತ್ತಾರೆ. ಎಷ್ಟು ಮೀಟರ್ ಇದೆ, ಎಷ್ಟು ಕ್ಯೂಸೆಕ್ ಬಿಡುತ್ತಾರೆ ಎಂದು ಶಾಲೆಗೆ ಹೋಗದ ಅಜ್ಜಿಯೂ ಹೇಳುತ್ತಾಳೆ. ಕ್ಯೂಸೆಕ್ ಯಾರು ಕಲಿಸಿದರು? ದಿನಾ ಕೇಳಿ ಕೇಳಿ ಬಂತು. ಎಷ್ಟಾದರೆ ಗಂಟು ಕಟ್ಟಬೇಕು ಎಂಬುದೂ ಗೊತ್ತಾಯಿತು. ಟ್ರಿಟಿಯಂ ಕೂಡ ಹಾಗೇ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಟ್ಟ ಲೀಟರಿಗೆ 10,000 ಬೆಕೆರಲ್. ಅದನ್ನು ಪಕ್ಕದಲ್ಲೇ ಬರೆದರೆ 8ಕ್ಕೂ 11ಕ್ಕೂ ಯಾರು ಎದ್ದು ನಿಲ್ಲುತ್ತಾರೆ? ಬರೇ ಒಂದು ದಿನ ಕೆಟ್ಟ ಸುದ್ದಿಯ ಜೊತೆಗೆ ಮೊದಲ ಸಲ ಆ ಪದ ಕೇಳಿದರೆ ಹೆದರುತ್ತಾರೆ. 2009ರಲ್ಲಿ ಆದದ್ದು ಅದೇ.

ಪಿಕರಿಂಗ್ ಹತ್ತಿರದ ಕನ್ನಡಿಗ:
ನಾನು ಕೆನಡಾದ ಒಂಟಾರಿಯೊದಲ್ಲಿ ಇರುವವನು, ಪಿಕರಿಂಗ್ ಅಣು ಸ್ಥಾವರ ನಮ್ಮ ಮನೆಗೆ ದೂರ ಇಲ್ಲ. ಅದೂ ಕೈಗಾದ ಥರ ಭಾರಜಲದ ರಿಯಾಕ್ಟರೇ. ಇಲ್ಲಿ ಸ್ಥಾವರದಿಂದ 10 ಕಿಲೋಮೀಟರ್ ಒಳಗಿನ ಮನೆಗಳಿಗೆ 2015ರಲ್ಲಿ ಅಯೋಡಿನ್ ಮಾತ್ರೆ ಅಂಚೆಯಲ್ಲಿ ಕಳಿಸಿದರು. ಪೊಟ್ಟಣದಲ್ಲಿ ಯಾವಾಗ ತಿನ್ನಬೇಕು ಎಂಬ ಚೀಟಿ ಇರುತ್ತದೆ. 50 ಕಿಲೋಮೀಟರ್ ಒಳಗೆ ಇರುವವರು ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಎಂದು ತಿಳಿಯಬೇಡಿ. 2020ರ ಜನವರಿ 12, ಭಾನುವಾರ ಬೆಳಿಗ್ಗೆ 7.23ಕ್ಕೆ ಪ್ರಾಂತ್ಯದ ಎಲ್ಲರ ಫೋನೂ ಒಟ್ಟಿಗೆ ಕಿರುಚಿತು. ಪಿಕರಿಂಗ್‌ನಲ್ಲಿ ಒಂದು ಘಟನೆ ಆಗಿದೆ ಎಂದು ಸಂದೇಶ. ಅದು ತಪ್ಪಿ ಹೋದದ್ದು, ಏನೂ ಆಗಿರಲಿಲ್ಲ. ಆದರೆ "ತಪ್ಪಾಯಿತು" ಎಂಬ ಎರಡನೇ ಸಂದೇಶ ಫೋನಿಗೆ ಬರುವುದಕ್ಕೆ ಸುಮಾರು ಎರಡು ಗಂಟೆ ಬೇಕಾಯಿತು. ಆಮೇಲೆ ಮಾತ್ರೆಗೆ ಜನ ಮುಗಿಬಿದ್ದರು. ಸರಕಾರ ತನಿಖೆ ಮಾಡಿ ಆ ವರದಿಯನ್ನು ಒಂದೂವರೆ ತಿಂಗಳಲ್ಲಿ ಎಲ್ಲರೂ ಓದುವ ಹಾಗೆ ಹಾಕಿತು. ಯಾರು ಯಾವ ಬಟನ್ ಒತ್ತಿದರು, ಯಾಕೆ ತಡ ಆಯಿತು, ಎಲ್ಲಾ ಅದರಲ್ಲಿ ಇತ್ತು. ತಪ್ಪು ಇಲ್ಲೂ ಆಗುತ್ತದೆ. ಆದರೆ ಆದ ತಪ್ಪನ್ನು ಓದುವುದಕ್ಕೆ ಸಿಗುತ್ತದೆ.

ಮೇಷ್ಟ್ರು, ಯಲ್ಲಾಪುರ ಕಡೆ:
ಅಯೋಡಿನ್ ಮಾತ್ರೆ ಬಗ್ಗೆ ಒಂದು ಎಚ್ಚರಿಕೆ, ಯಾಕೆಂದರೆ ನಾಳೆ ಇದನ್ನು ಓದಿ ಯಾರಾದರೂ ಮೆಡಿಕಲ್ ಶಾಪಿಗೆ ಓಡಬಹುದು. ಅದು ವಿಕಿರಣಕ್ಕೆಲ್ಲಾ ಔಷಧ ಅಲ್ಲ. ಗಂಟಲಿನ ಥೈರಾಯ್ಡ್ ಗ್ರಂಥಿಗೆ ಮೊದಲೇ ಒಳ್ಳೆಯ ಅಯೋಡಿನ್ ತುಂಬಿಸಿ, ವಿಕಿರಣದ ಅಯೋಡಿನ್ ಒಳಗೆ ಬರದ ಹಾಗೆ ತಡೆಯುತ್ತದೆ, ಅಷ್ಟೇ. ಟ್ರಿಟಿಯಂಗೆ ಅದು ಏನೂ ಮಾಡುವುದಿಲ್ಲ. ಹೇಳಿದಾಗ ಮಾತ್ರ ತೆಗೆದುಕೊಳ್ಳಬೇಕು.

ಈಗ ಬೆಂಗಳೂರಿನವರ ಮಾತಿಗೆ. "ತಜ್ಞರು ನೋಡಿಕೊಳ್ಳುತ್ತಾರೆ" ಎಂದಿರಿ. ಜಪಾನಿನ ನಮಿಯೆ ಅನ್ನುವ ಊರಿನ ಕಥೆ ನೋಡಿ. 2011ರ ಮಾರ್ಚ್, ಫುಕುಶಿಮಾ ಅಣು ಸ್ಥಾವರದ ಅಪಘಾತ. ಗಾಳಿ ಯಾವ ಕಡೆ ಬೀಸುತ್ತದೆ, ವಿಕಿರಣ ಯಾವ ಕಡೆ ಹೋಗುತ್ತದೆ ಎಂದು ಲೆಕ್ಕ ಹಾಕುವ ಸ್ಪೀಡಿ ಎಂಬ ಕಂಪ್ಯೂಟರ್ ವ್ಯವಸ್ಥೆ ಅಲ್ಲಿನ ಸರಕಾರದ ಹತ್ತಿರ ಇತ್ತು. ಅದು ನಕ್ಷೆ ಮಾಡಿ ಕೊಡುತ್ತಲೂ ಇತ್ತು. ಆದರೆ ಆ ನಕ್ಷೆ ಊರಿನವರ ಕೈಗೆ ಸಮಯಕ್ಕೆ ಬರಲಿಲ್ಲ, ಪೂರ್ತಿ ಖಾತ್ರಿ ಇಲ್ಲದ ಲೆಕ್ಕ ಹೇಳಿದರೆ ಜನ ಗಾಬರಿ ಆಗುತ್ತಾರೆ ಎಂಬ ಯೋಚನೆಯೂ ಅದರ ಹಿಂದೆ ಇತ್ತು. ನಮಿಯೆಯ ಜನ ಮಕ್ಕಳು ಮರಿ ಕಟ್ಟಿಕೊಂಡು ವಾಯವ್ಯದ ತ್ಸುಶಿಮಾ ಎಂಬ ಕಡೆಗೆ ಹೋಗಿ ಕೆಲವು ದಿನ ಉಳಿದರು. ವಿಕಿರಣ ಹೆಚ್ಚು ಬಂದು ಬಿದ್ದದ್ದು ಅದೇ ದಿಕ್ಕಿಗೆ. ಗಾಬರಿ ಆಗಬಾರದು ಎಂದು ಮುಚ್ಚಿಟ್ಟ ಮಾಹಿತಿ ಆ ಮಕ್ಕಳನ್ನು ತಪ್ಪು ಊರಿಗೆ ಕಳಿಸಿತು. ಇದನ್ನು ಓದಿದ ದಿನದಿಂದ ನನಗೆ "ಸುಮ್ನೆ ಗಾಬರಿ ಯಾಕೆ" ಎಂಬ ಮಾತು ಕೇಳಿದರೆ ತಡೆಯುವುದಿಲ್ಲ.

ಮತ್ತೆ ನಮ್ಮ ದಾರಿಗಳ ವಿಷಯ ಯಾರೂ ಎತ್ತಲಿಲ್ಲ. ಯೋಜನೆಯಲ್ಲಿ ಜನರನ್ನು ಸಾಗಿಸುವ ರಸ್ತೆ ಬರೆದಿರುತ್ತಾರೆ, ಸರಿ. ಜುಲೈಯಲ್ಲಿ ಆ ರಸ್ತೆ ಇರುತ್ತದಾ? 2021ರ ಜುಲೈಯಲ್ಲಿ ಅರಬೈಲ್ ಘಟ್ಟ ಕುಸಿಯಿತು, ಕಳಚೆ ಊರೇ ಜಾರಿತು, ಅದೇ ವಾರ ಕದ್ರಾ ನೀರು ಬಿಟ್ಟು ಮಲ್ಲಾಪುರದ ಕಡೆ ಮನೆಗಳು ಮುಳುಗಿದವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಬಿದ್ದು ಹೆದ್ದಾರಿ 66 ಎಷ್ಟೋ ದಿನ ಬಂದ್. ಆಗಸ್ಟ್ ಮೊದಲ ವಾರದಲ್ಲಿ ಕಾರವಾರದ ಹಳೆ ಕಾಳಿ ಸೇತುವೆ ನದಿಗೆ ಬಿತ್ತು. ಹಾಗಾದರೆ ಮಳೆಗಾಲದಲ್ಲಿ ಹರಟುಗಾ, ಕುಚೇಗಾರ ಕಡೆಯವರು ಎಲ್ಲಿಗೆ ಹೋಗಬೇಕು? ಅಣಕು ಕಾರ್ಯಾಚರಣೆಯನ್ನು ಒಳ್ಳೆ ಬಿಸಿಲಿನ ದಿನ ಮಾಡಿದರೆ ಸಾಲದು. ಜೋರು ಮಳೆ, ಕರೆಂಟಿಲ್ಲ, ಟವರ್ ಇಲ್ಲ, ಅಂಥ ದಿನ ಮಾಡಿ ನೋಡಲಿ. ಆಗ ಗೊತ್ತಾಗುತ್ತದೆ ಸುದ್ದಿ ಊರಿಗೆ ಮುಟ್ಟುತ್ತದೋ ಇಲ್ಲವೋ.

ಹಳೆ ಶಿಫ್ಟ್:
ಮೇಷ್ಟ್ರೇ, ಈ ಮಾತು ನೂರಕ್ಕೆ ನೂರು ಸರಿ. ಒಂದು ಸೇರಿಸುತ್ತೇನೆ. ಹೊರಗಿನ ತುರ್ತು ಅಂದ ತಕ್ಷಣ ಓಡುವುದೇ ಮೊದಲ ಕೆಲಸ ಅಲ್ಲ. ಹೆಚ್ಚಿನ ಸಲ ಮೊದಲ ಸೂಚನೆ ಮನೆಯೊಳಗೆ ಇರಿ ಎಂದೇ ಇರುತ್ತದೆ. ಬಾಗಿಲು ಕಿಟಕಿ ಹಾಕಿ, ತೆರೆದಿಟ್ಟ ನೀರು ಅನ್ನ ಮುಟ್ಟಬೇಡಿ, ದನಕ್ಕೆ ಹೊರಗಿನ ಹುಲ್ಲು ಹಾಕಬೇಡಿ, ಮುಂದಿನ ಮಾತು ಬರುವ ತನಕ ಕಾಯಿರಿ. ಇದು ಎಲ್ಲರಿಗೂ ಬಾಯಿಪಾಠ ಆಗಿದ್ದರೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವವರು ಕಡಿಮೆ ಆಗುತ್ತಾರೆ. ಆದರೆ ನಮ್ಮ ಹಂಚಿನ ಮನೆಗಳಲ್ಲಿ ಗಾಳಿ ತಡೆಯುವುದು ಎಷ್ಟು, ಒಳಗಿನ ಯಾವ ಕೋಣೆ ಒಳ್ಳೆಯದು, ಇದನ್ನೆಲ್ಲ ಸ್ಥಳ ನೋಡಿ ಯಾರಾದರೂ ಹೇಳಿಕೊಡಬೇಕು. ಪಟ್ಟಣದ ತಾರಸಿ ಮನೆ ಇಟ್ಟುಕೊಂಡು ಬರೆದ ಸೂಚನೆ ಇಲ್ಲಿ ಹೊಂದುವುದಿಲ್ಲ.

ಆಶಾ ಕೆಲಸದವಳು:
ಇದೆಲ್ಲ ಕೊನೆಗೆ ನಮ್ಮ ತಲೆಗೇ ಬರುವುದು. ಮನೆ ಮನೆಗೆ ಹೋದಾಗ ಮೊದಲು ಕೇಳುವುದು ಕ್ಯಾನ್ಸರ್ ಬಗ್ಗೆ. "ಅಕ್ಕಾ, ನಮ್ಮ ಊರಲ್ಲಿ ಜಾಸ್ತಿ ಆಗುತ್ತಿದೆ ಅಂತಾರೆ, ನಿಜವಾ?" ನನ್ನ ಹತ್ತಿರ ಉತ್ತರ ಇಲ್ಲ. ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ ಅಂತ ಚದುರಿ ಹೋಗುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ವರ್ಷಗಟ್ಟಲೆ ಕೇಳುತ್ತಿದ್ದೇವೆ. ಯಾರಿಗೆ ಎಲ್ಲಿ ಏನು ಪತ್ತೆ ಆಯಿತು ಎಂಬ ಲೆಕ್ಕ ಒಂದೇ ಕಡೆ ಸೇರಿಸಿ ಇಟ್ಟರೆ ತಾನೇ ಜಾಸ್ತಿಯೋ ಕಡಿಮೆಯೋ ಹೇಳುವುದು? ಅಂಕಿ ಇಲ್ಲದ ಕಡೆ ಮಾತು ಬೆಳೆಯುತ್ತದೆ. ಸಮೀಕ್ಷೆ ಮಾಡುವವರು ಬರುತ್ತಾರೆ, ಫಾರ್ಮ್ ತುಂಬಿಸಿಕೊಂಡು ಹೋಗುತ್ತಾರೆ, ಫಲಿತಾಂಶ ಹೇಳುವುದಕ್ಕೆ ವಾಪಸ್ ಬಂದವರನ್ನು ನಾನು ನೋಡಿಲ್ಲ.

ಮತ್ತೆ ಭಾಷೆ. ಕುಣಬಿಯವರ ಕೇರಿಗೆ ಹೋದರೆ ಕೊಂಕಣಿ ಬೇಕು. ಹಾಲಕ್ಕಿಯವರ ಮನೆಯಲ್ಲಿ ಅವರದೇ ಕನ್ನಡ. ಕರಪತ್ರದ ಕನ್ನಡ ನನಗೇ ಎರಡು ಸಲ ಓದಬೇಕು.

ಕಾಳಿ ದಂಡೆ:
ಒಳ್ಳೆಯದಾದರೆ ಬೇಗ ಗೊತ್ತಾಗುತ್ತದೆ ನೋಡಿ. 2018ರ ಕೊನೆಯಲ್ಲಿ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ಪ್ರಪಂಚದ ದಾಖಲೆ ಮಾಡಿತು ಎಂದು ಎಲ್ಲಾ ಪೇಪರಿನಲ್ಲಿ ಬಂತು. ನಮಗೂ ಹೆಮ್ಮೆ ಆಯಿತು. ಘಟಕ ನಿಂತ ದಿನವೂ, ಯಾಕೆ ನಿಂತಿತು ಎಂಬುದೂ ಅಷ್ಟೇ ಬೇಗ ಬರಲಿ.

ಹಳೆ ಶಿಫ್ಟ್:
ಹೌದು. 1994ರ ಮೇ 13ರಂದು ಕಟ್ಟುವಾಗಲೇ ಒಂದನೇ ಘಟಕದ ಗುಮ್ಮಟದ ಒಳಭಾಗ ಕಳಚಿ ಬಿತ್ತು. ಇಂಧನ ಹಾಕಿರಲಿಲ್ಲ, ವಿಕಿರಣದ ಮಾತೇ ಇರಲಿಲ್ಲ, ಕೆಲಸಗಾರರಿಗೆ ಗಾಯ ಆಯಿತು. ತನಿಖೆ ಆಯಿತು, ವಿನ್ಯಾಸ ಬದಲಿಸಿದರು, ವರ್ಷಗಟ್ಟಲೆ ತಡ ಆಯಿತು. ಎಂಜಿನಿಯರ್ ಆಗಿ ಹೇಳುವುದಾದರೆ ಅದರಿಂದ ಕಲಿತದ್ದು ದೊಡ್ಡದು. ಆದರೆ ಸರಿಪಡಿಸಿದ ಕಥೆಯನ್ನು ಊರಿಗೆ ಸರಿಯಾಗಿ ಹೇಳದ ಕಾರಣ ಇವತ್ತಿಗೂ ಜನರ ಬಾಯಲ್ಲಿ ಬಿದ್ದ ಕಥೆ ಮಾತ್ರ ಉಳಿದಿದೆ.

ಕದ್ರಾ ಕಡೆಯವ:
2018ರ ಡಿಸೆಂಬರ್‌ನಲ್ಲಿ 5, 6ನೇ ಘಟಕಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಯಿತಲ್ಲ, ಕಾನೂನಿನ ಪ್ರಕಾರ ಅದಕ್ಕೆ ಮೊದಲು ಪರಿಸರ ವರದಿಯ ಸಾರಾಂಶ ಕನ್ನಡದಲ್ಲಿ ಕೊಡಬೇಕು, 30 ದಿನ ಮೊದಲೇ ತಿಳಿಸಬೇಕು. ಸಾರಾಂಶ ಕನ್ನಡದಲ್ಲಿ, ಪೂರ್ತಿ ವರದಿ ಇಂಗ್ಲಿಷ್‌ನಲ್ಲಿ. ಸಭೆಯಲ್ಲಿ ಜನ ಜೋರಾಗಿ ಮಾತಾಡಿದರು, ವಿರೋಧ ದಾಖಲಾಯಿತು, ಮರುವರ್ಷ ಪರಿಸರ ಅನುಮತಿಯೂ ಬಂತು. ಅಲ್ಲಿಗೆ ಮುಗಿಯಿತು. ಹಾಗೆ ಜೀವಮಾನದಲ್ಲಿ ಒಂದು ಸಲ ಮೈಕ್ ಕೊಟ್ಟರೆ ಮನುಷ್ಯ ಕೂಗುವುದೇ ಸೈ. ವರ್ಷಕ್ಕೆ ನಾಲ್ಕು ಸಲ ಕೂತು ಮಾತಾಡಿದರೆ ಕೇಳುವುದೂ ಕಲಿಯುತ್ತಾನೆ, ಹೇಳುವುದೂ ಕಲಿಯುತ್ತಾನೆ.

ಫ್ರಾನ್ಸ್‌ನಲ್ಲಿ ಪ್ರತಿ ಅಣು ಸ್ಥಾವರಕ್ಕೂ ಒಂದು ಸ್ಥಳೀಯ ಮಾಹಿತಿ ಸಮಿತಿ ಇದೆ. 1981ರಿಂದ ಇತ್ತು, 2006ರಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟರು. ಊರಿನ ಚುನಾಯಿತರು, ಪರಿಸರ ಸಂಘದವರು, ಕಾರ್ಮಿಕ ಸಂಘದವರು, ತಜ್ಞರು ಅದರಲ್ಲಿ ಇರುತ್ತಾರೆ. ಅವರು ಕೇಳಿದ್ದಕ್ಕೆ ಸ್ಥಾವರದವರು ಉತ್ತರ ಕೊಡಲೇಬೇಕು. ಬೇಕಾದರೆ ತಾವೇ ಬೇರೆ ಕಡೆ ಅಳತೆ ಮಾಡಿಸಬಹುದು. ವರ್ಷಕ್ಕೆ ಒಂದಾದರೂ ಸಭೆ ಎಲ್ಲರಿಗೂ ತೆರೆದಿರಬೇಕು. ನಮಗೆ ಬೇಕಾಗಿರುವುದು ಇದು. ಕಂಪನಿಯವರು ಕರೆದು ಊಟ ಹಾಕಿ ಸ್ಥಾವರ ತೋರಿಸಿ ಕಳಿಸುವ ಪ್ರವಾಸ ಬೇರೆ, ನಾವು ಕೇಳಿದ್ದಕ್ಕೆ ಉತ್ತರ ಕೊಡುವ ಜಾಗ ಬೇರೆ.

ಬೆಂಗಳೂರಿನಿಂದ:
ನಮಿಯೆ ವಿಷಯ ನನಗೆ ಗೊತ್ತಿರಲಿಲ್ಲ. ಸರಿ, ಆದರೆ ಕಾನೂನು ಬರುವ ತನಕ ಏನು ಮಾಡುತ್ತೀರಿ?

ಮೇಷ್ಟ್ರು, ಯಲ್ಲಾಪುರ ಕಡೆ:
ಗ್ರಾಮಸಭೆ ಇದೆಯಲ್ಲ. ಅಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಬಹುದು. ಮಾಹಿತಿ ಹಕ್ಕಿನ ಅರ್ಜಿ ಎಇಆರ್‌ಬಿಗೂ ಹಾಕಬಹುದು, ಎನ್‌ಪಿಸಿಐಎಲ್‌ಗೂ ಹಾಕಬಹುದು. 2012ರಲ್ಲಿ ಕೂಡಂಕುಳಂ ಸ್ಥಾವರದ ಸುರಕ್ಷತಾ ವರದಿ ಜನರಿಗೆ ಕೊಡಿ ಎಂದು ಕೇಂದ್ರ ಮಾಹಿತಿ ಆಯೋಗವೇ ಹೇಳಿತ್ತು. ಗುಟ್ಟು ಇಡಬೇಕಾದ ಕೆಲವು ವಿಷಯ ಇರುತ್ತದೆ, ಕಾವಲು ಎಲ್ಲಿದೆ ಎಂದು ಯಾರೂ ಕೇಳುತ್ತಿಲ್ಲ. ನದಿ ನೀರಿನ ಅಂಕಿ ಯಾವ ದೇಶದ ಗುಟ್ಟು?

ಕದ್ರಾ ಕಡೆಯವ:
ಹಾಗಾದರೆ ಬರುವ ಗ್ರಾಮಸಭೆಗೆ ಕರಡು ಬರೆಯುತ್ತೇನೆ. ನೀರು, ಹಾಲು, ಮೀನಿನ ಅಂಕಿ, ಪಕ್ಕದಲ್ಲೇ ಮಿತಿ, ತಿಂಗಳಿಗೊಮ್ಮೆ ಪಂಚಾಯಿತಿ ಗೋಡೆಯ ಮೇಲೆ. ಒಳಗೆ ಏನೇ ಆದರೂ, ಸಣ್ಣದಾದರೂ, ಅದೇ ದಿನ ಪಂಚಾಯಿತಿಗೆ ತಿಳಿಸಬೇಕು. ಕೆಲಸಗಾರರಿಗೆ ಏನಾದರೂ ಆದರೆ ಟಿವಿಗಿಂತ ಮೊದಲು ಅವರ ಮನೆಗೆ ಹೇಳಬೇಕು, ಗುತ್ತಿಗೆಯವರಿಗೂ. ಮಳೆಗಾಲದ ಅಣಕು ಕಾರ್ಯಾಚರಣೆ. ಇನ್ನೇನಾದರೂ ಇದ್ದರೆ ಹೇಳಿ.

ಗುತ್ತಿಗೆ ಮನೆಯವಳು:
ಮೂತ್ರ ಪರೀಕ್ಷೆಯ ರಿಪೋರ್ಟ್ ಕಾಗದದಲ್ಲಿ ಅವರ ಕೈಗೇ ಕೊಡಬೇಕು ಎಂದು ಬರೆಯಿರಿ ಅಣ್ಣ. ಗುತ್ತಿಗೆದಾರ ಬದಲಾದರೆ ಹಳೆಯ ಲೆಕ್ಕ ಕೇಳುವುದಕ್ಕೆ ಹೋದವರಿಗೆ ಎಲ್ಲಿ ಸಿಗುತ್ತದೆ ಎಂದೇ ಗೊತ್ತಾಗುವುದಿಲ್ಲ.

ಹಳೆ ಶಿಫ್ಟ್:
ಬರೆಯಿರಿ. ಅಂಕಿ ಬಂದರೆ ಅದನ್ನು ಓದಿ ಅರ್ಥ ಹೇಳುವುದಕ್ಕೆ ನಾನು ಬರುತ್ತೇನೆ. ನನ್ನ ಜೊತೆ ಕೆಲಸ ಮಾಡಿದ ಇನ್ನೂ ಒಂದಿಬ್ಬರು ಕಾರವಾರದಲ್ಲಿ ಇದ್ದಾರೆ, ಕೇಳುತ್ತೇನೆ.

ಆಶಾ ಕೆಲಸದವಳು:
ಅಯೋಡಿನ್ ಮಾತ್ರೆ ಈಗ ಯಾವ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ, ಅವಧಿ ಯಾವಾಗ ಮುಗಿಯುತ್ತದೆ, ರಾತ್ರಿ ಬೇಕಾದರೆ ಬೀಗ ಯಾರ ಹತ್ತಿರ, ಇದನ್ನೂ ಸೇರಿಸಿ. ಬಸುರಿಯರಿಗೆ, ಹಾಲು ಕುಡಿಯುವ ಮಕ್ಕಳಿಗೆ ಎಷ್ಟು ಕೊಡಬೇಕು ಎಂದು ನಮಗೆ ತರಬೇತಿ ಕೊಡಲಿ. ದೊಡ್ಡವರಷ್ಟೇ ಮಕ್ಕಳಿಗೆ ಕೊಡುವ ಹಾಗಿಲ್ಲ, ಆವತ್ತು ರಾತ್ರಿ ಯಾರನ್ನು ಕೇಳಿಕೊಂಡು ಕೂರಲಿ ನಾನು?